ಹತ್ತು ನಿಮಿಷದ ಎಂಆರ್‌ಐ, ಎರಡು ಸೆಂಟಿಮೀಟರಿನ ಗಡ್ಡೆ

ಯಕೃತ್ತಿನಲ್ಲಿ ಅಡಗಿರುವ ಚಿಕ್ಕ ಕ್ಯಾನ್ಸರ್ ಗಡ್ಡೆಯನ್ನು ಹತ್ತು ನಿಮಿಷದ ‘ಫಾಸ್ಟ್ ಎಂಆರ್‌ಐ’ ಹಿಡಿದುಕೊಡುತ್ತದೆ, ಅಲ್ಟ್ರಾಸೌಂಡಿಗೆ ಕಾಣದ್ದೂ ಅದಕ್ಕೆ ಕಾಣುತ್ತದೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಬರುತ್ತಲೇ ಇದೆ. ಅದನ್ನು ಓದಿ ಭರವಸೆಯಿಂದ ವೈದ್ಯರ ಬಳಿಗೆ ಹೋಗುವ, ಯಕೃತ್ತು ಕಲೆಗಟ್ಟಿದ ಸಿರೋಸಿಸ್ ರೋಗಿಗೆ ಸಿಗುವುದು ಮಾತ್ರ ಹಳೆಯ ಚೀಟಿಯೇ: ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ. ಹೊಸ ಪರೀಕ್ಷೆ ಅಷ್ಟು ಚೆನ್ನಾಗಿದ್ದರೆ ಅದನ್ನೇಕೆ ಬರೆದುಕೊಡುವುದಿಲ್ಲ? ಬರೆದುಕೊಡುವಷ್ಟು ಚೆನ್ನಾಗಿಲ್ಲದಿದ್ದರೆ ಅದರ ಬಗ್ಗೆ ಇಷ್ಟೊಂದು ಮಾತೇಕೆ?

ಗೊಂದಲಕ್ಕೆ ಕಾರಣವಿದೆ. ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಸಣ್ಣ ಗಡ್ಡೆ ಯಾವ ಯಂತ್ರಕ್ಕೆ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಬಹುಮಟ್ಟಿಗೆ ಸಿಕ್ಕಿದೆ. ಆ ಯಂತ್ರವನ್ನು ಬಳಸಿದರೆ ಯಕೃತ್ತಿನ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಡಿಮೆಯಾಗುತ್ತದೆಯೇ ಎಂಬುದು ಎರಡನೆಯದು. ಇದನ್ನು ತೀರ್ಮಾನಿಸಲು ಬೇಕಾದ ಪ್ರಯೋಗಗಳು ಬೇರೆಯೇ ಬಗೆಯವು, ಅವು ವರ್ಷಗಟ್ಟಲೆ ನಡೆಯುವಂಥವು. ಸುದ್ದಿಗಳು ಮೊದಲ ಪ್ರಶ್ನೆಯ ಉತ್ತರವನ್ನೇ ಎರಡನೆಯದರ ಉತ್ತರವೆಂಬಂತೆ ಹೇಳಿಬಿಡುತ್ತವೆ.

ಯಾರ ಮೇಲೆ ನಿಗಾ, ಏಕೆ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಆ ವರ್ಷ ಜಗತ್ತಿನಲ್ಲಿ ಸುಮಾರು 8.66 ಲಕ್ಷ ಮಂದಿಗೆ ಹೊಸದಾಗಿ ಯಕೃತ್ತಿನ ಕ್ಯಾನ್ಸರ್ ತಗುಲಿತು, ಸುಮಾರು 7.58 ಲಕ್ಷ ಮಂದಿ ಅದರಿಂದ ಸತ್ತರು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಅಷ್ಟು ಕಿರಿದಾಗಿರುವುದರಲ್ಲೇ ಕಾಯಿಲೆಯ ಸ್ವಭಾವ ಗೊತ್ತಾಗುತ್ತದೆ. ನೋವು, ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ತೂಕ ಇಳಿಯುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ಗಡ್ಡೆ ಸಾಮಾನ್ಯವಾಗಿ ಗುಣಪಡಿಸುವ ಹಂತವನ್ನು ದಾಟಿರುತ್ತದೆ.

ಆದರೆ ಈ ಕ್ಯಾನ್ಸರಿಗೆ ಬೇರೆ ಬಹುಪಾಲು ಕ್ಯಾನ್ಸರುಗಳಿಗಿಲ್ಲದ ಒಂದು ಗುಣವಿದೆ. ಅದು ಯಾರಲ್ಲಿ ಹುಟ್ಟಬಹುದು ಎಂಬುದು ಮೊದಲೇ ಸಾಕಷ್ಟು ಗೊತ್ತಿರುತ್ತದೆ. ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮ ಎಂಬ ಬಗೆ, ಯಕೃತ್ತಿನ ಪ್ರಾಥಮಿಕ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದದ್ದು. ಅದರ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಮೊದಲೇ ಸಿರೋಸಿಸ್ ಇರುತ್ತದೆ, ಅಂದರೆ ಯಕೃತ್ತು ಗಾಯದ ಕಲೆಗಟ್ಟಿ ಗಂಟುಗಂಟಾಗಿರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಕೊಬ್ಬು ತುಂಬಿದ ಯಕೃತ್ತು, ಇವುಗಳಲ್ಲಿ ಯಾವುದರಿಂದ ಬೇಕಾದರೂ ಸಿರೋಸಿಸ್ ಬಂದಿರಬಹುದು. ಹೆಪಟೈಟಿಸ್ ಬಿ ವೈರಸ್ಸು ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಉಂಟುಮಾಡಬಲ್ಲದು. ಹೀಗೆ ಅಪಾಯದಲ್ಲಿರುವವರನ್ನು ಗುರುತಿಸಿ, ಆರೋಗ್ಯವಾಗಿ ಕಾಣುತ್ತಿರುವಾಗಲೇ ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವುದನ್ನೇ ವೈದ್ಯಕೀಯದಲ್ಲಿ ನಿಗಾ ಎನ್ನುತ್ತಾರೆ. ಸಿರೋಸಿಸ್ ಇರುವವರಲ್ಲಿ ವರ್ಷಕ್ಕೆ ನೂರರಲ್ಲಿ ಒಂದೂವರೆಗಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಬರುವ ಸಂಭವವಿದ್ದರೆ ನಿಗಾಕ್ಕೆ ಮಾಡುವ ಖರ್ಚು ಸಾರ್ಥಕ ಎಂಬ ಲೆಕ್ಕ ಬಹುಕಾಲದಿಂದ ಚಾಲ್ತಿಯಲ್ಲಿದೆ.

ನಿಗಾದಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಆಧಾರವಾಗಿ ಹೆಚ್ಚಾಗಿ ಹೇಳುವುದು ಚೀನಾದ ಶಾಂಘೈನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವನ್ನು. ಹೆಪಟೈಟಿಸ್ ಬಿ ಸೋಂಕು ತಗುಲಿದ ಸುಮಾರು 18,800 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಪರೀಕ್ಷೆ ನಡೆಸಲಾಯಿತು. ಕರೆದಾಗಲೆಲ್ಲ ಎಲ್ಲರೂ ಬರಲಿಲ್ಲ; ನಿಗದಿಯಾದ ಪರೀಕ್ಷೆಗಳಲ್ಲಿ ನಡೆದದ್ದು ಶೇ 58ರಷ್ಟು ಮಾತ್ರ. ಆದರೂ ಆ ಗುಂಪಿನಲ್ಲಿ ಯಕೃತ್ತಿನ ಕ್ಯಾನ್ಸರಿನ ಸಾವು ಶೇ 37ರಷ್ಟು ಕಡಿಮೆಯಾಯಿತು. ಈ ಪ್ರಯೋಗದ ವಿಧಾನದ ಬಗ್ಗೆ ತಕರಾರುಗಳಿವೆ, ನಿಜ. ಹಾಗಿದ್ದರೂ ಇಂದಿನ ಮಾರ್ಗಸೂಚಿಗಳ ಬುನಾದಿಯಲ್ಲಿ ಇದರ ಪಾಲು ದೊಡ್ಡದು, ಮತ್ತು ಇದು ಅಲ್ಟ್ರಾಸೌಂಡಿನ ಪರವಾದ ಸಾಕ್ಷ್ಯ ಎಂಬುದನ್ನು ಮರೆಯಬಾರದು. ಎಂಆರ್‌ಐ ಪೈಪೋಟಿಗಿಳಿದಿರುವುದು ಪ್ರಾಣ ಉಳಿಸಿದ ದಾಖಲೆಯಿರುವ ಪರೀಕ್ಷೆಯೊಂದಿಗೆ.

ಎರಡು ಸೆಂಟಿಮೀಟರಿನ ಲೆಕ್ಕ

ಗಡ್ಡೆಯ ಗಾತ್ರಕ್ಕೆ ಏಕಿಷ್ಟು ಮಹತ್ವ? ಒಂದೇ ಗಡ್ಡೆಯಿದ್ದು ಅದು ಎರಡು ಸೆಂಟಿಮೀಟರಿನೊಳಗಿದ್ದರೆ ಅದನ್ನು ಅತಿ ಆರಂಭದ ಹಂತ ಎಂದು ಪರಿಗಣಿಸುತ್ತಾರೆ. ಚರ್ಮದ ಮೂಲಕ ಸೂಜಿ ತೂರಿಸಿ ರೇಡಿಯೊ ತರಂಗ ಅಥವಾ ಮೈಕ್ರೊವೇವ್ ಶಾಖದಿಂದ ಗಡ್ಡೆಯನ್ನು ಸುಡುವ ಚಿಕಿತ್ಸೆ ಚೆನ್ನಾಗಿ ಫಲಿಸುವುದು ಮೂರು ಸೆಂಟಿಮೀಟರಿನವರೆಗೆ. ಯಕೃತ್ತಿನ ಕಸಿಗೆ ಇಟಲಿಯ ಮಿಲಾನಿನಲ್ಲಿ 1996ರಲ್ಲಿ ರೂಪುಗೊಂಡ ಮಾನದಂಡ ಇಂದಿಗೂ ಅಳತೆಗೋಲಾಗಿದೆ: ಒಂದೇ ಗಡ್ಡೆಯಾದರೆ ಐದು ಸೆಂಟಿಮೀಟರಿನೊಳಗೆ, ಮೂರರವರೆಗೆ ಇದ್ದರೆ ಪ್ರತಿಯೊಂದೂ ಮೂರು ಸೆಂಟಿಮೀಟರಿನೊಳಗೆ ಇರಬೇಕು. ಹೀಗಾಗಿ ಒಂದು ಸೆಂಟಿಮೀಟರಿನಿಂದ ಮೂರು ಸೆಂಟಿಮೀಟರಿಗೆ ಬೆಳೆಯುವ ಅವಧಿಯೇ ರೋಗಿಗೆ ಸಿಗುವ ಅವಕಾಶ.

ಆ ಅವಧಿ ಎಷ್ಟು? ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಈ ಗಡ್ಡೆಗಳ ಘನಗಾತ್ರ ಇಮ್ಮಡಿಯಾಗಲು ಸರಾಸರಿ 4.6 ತಿಂಗಳು ಬೇಕು ಎಂದು ಲೆಕ್ಕ ಹಾಕಿದೆ. ಘನಗಾತ್ರ ಇಮ್ಮಡಿಯಾದರೆ ವ್ಯಾಸ ಇಮ್ಮಡಿಯಾಗುವುದಿಲ್ಲ. ವ್ಯಾಸ ಎರಡರಷ್ಟಾಗಲು ಘನಗಾತ್ರ ಎಂಟರಷ್ಟಾಗಬೇಕು, ಅಂದರೆ ಮೂರು ಬಾರಿ ಇಮ್ಮಡಿಯಾಗಬೇಕು. ಹಾಗಾಗಿ ಒಂದು ಸೆಂಟಿಮೀಟರಿನ ಗಡ್ಡೆ ಎರಡಾಗಲು ಸುಮಾರು ಹದಿನಾಲ್ಕು ತಿಂಗಳು, ಅಲ್ಲಿಂದ ಮೂರಾಗಲು ಇನ್ನೊಂದು ಎಂಟು ತಿಂಗಳು. ಆರು ತಿಂಗಳಿಗೊಮ್ಮೆ ಪರೀಕ್ಷೆಯಾದರೆ ಈ ನಡುವೆ ಮೂರು ಬಾರಿಯಾದರೂ ಹಿಡಿಯುವ ಅವಕಾಶವಿರುತ್ತದೆ. ಇದು ಸರಾಸರಿಯ ಮಾತು. ಮೂರರಲ್ಲೊಂದು ಭಾಗದಷ್ಟು ಗಡ್ಡೆಗಳು ಮೂರು ತಿಂಗಳೊಳಗೇ ಇಮ್ಮಡಿಯಾಗುವಂಥವು. ಅವುಗಳ ವಿಷಯದಲ್ಲಿ ಅವಕಾಶ ಎರಡಕ್ಕೆ ಇಳಿಯುತ್ತದೆ. ಆಗ ಒಂದೊಂದು ಪರೀಕ್ಷೆ ತಪ್ಪಿದ್ದರ ಬೆಲೆಯೂ ಏರುತ್ತದೆ.

ಅಲ್ಟ್ರಾಸೌಂಡಿನ ಮಿತಿ

ಅಲ್ಟ್ರಾಸೌಂಡ್ ಅಗ್ಗ, ವಿಕಿರಣವಿಲ್ಲದ್ದು, ತಾಲ್ಲೂಕು ಕೇಂದ್ರಗಳಲ್ಲೂ ಸಿಗುವಂಥದ್ದು. ಆದರೆ 2018ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದರ ಪ್ರಕಾರ ಸಿರೋಸಿಸ್ ರೋಗಿಗಳಲ್ಲಿ ಆರಂಭದ ಹಂತದ ಗಡ್ಡೆಗಳಲ್ಲಿ ಅದಕ್ಕೆ ಕಾಣುವುದು ಶೇ 47 ಮಾತ್ರ. ಎಎಫ್‌ಪಿ ರಕ್ತಪರೀಕ್ಷೆಯನ್ನು ಜೊತೆಗೂಡಿಸಿದರೆ ಅದು ಶೇ 63ಕ್ಕೆ ಏರುತ್ತದೆ. ಎಲ್ಲ ಹಂತದ ಗಡ್ಡೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಲ್ಟ್ರಾಸೌಂಡಿನ ಸಾಧನೆ ಶೇ 84. ಅಂದರೆ ಅದು ದೊಡ್ಡದನ್ನು ಚೆನ್ನಾಗಿ ಹಿಡಿಯುತ್ತದೆ; ನಿಗಾದ ಉದ್ದೇಶವೇ ಆಗಿರುವ ಸಣ್ಣದನ್ನು ಅರ್ಧಕ್ಕರ್ಧ ಬಿಟ್ಟುಬಿಡುತ್ತದೆ.

ಒಂದು ಬಾರಿ ತಪ್ಪಿದರೇನಂತೆ, ಮುಂದಿನ ಬಾರಿ ಸಿಗಬಹುದಲ್ಲ ಎಂಬ ವಾದ ಸಹಜ. ನಾಣ್ಯ ಚಿಮ್ಮಿದಂತೆ ಪ್ರತಿ ಬಾರಿಯೂ ಸ್ವತಂತ್ರವಾಗಿ ಅರ್ಧದಷ್ಟು ಅವಕಾಶವಿದ್ದಿದ್ದರೆ ಮೂರೂ ಬಾರಿ ತಪ್ಪಿಸಿಕೊಳ್ಳುವ ಗಡ್ಡೆಗಳು ನೂರಕ್ಕೆ ಹದಿನೈದರ ಆಸುಪಾಸು ಮಾತ್ರ ಇರುತ್ತಿದ್ದವು. ವಾಸ್ತವ ಹಾಗಿಲ್ಲ. ಶಬ್ದತರಂಗ ಯಕೃತ್ತನ್ನು ತಲುಪಬೇಕಾದರೆ ಹೊಟ್ಟೆಯ ಕೊಬ್ಬಿನ ಪದರವನ್ನು ದಾಟಬೇಕು. ಯಕೃತ್ತಿನೊಳಗೇ ಕೊಬ್ಬು ತುಂಬಿದ್ದರೆ ತರಂಗ ಇನ್ನಷ್ಟು ಕ್ಷೀಣಿಸುತ್ತದೆ. ಮೇಲ್ಭಾಗದ ಗುಮ್ಮಟ ಪಕ್ಕೆಲುಬು ಮತ್ತು ಶ್ವಾಸಕೋಶದ ಮರೆಯಲ್ಲಿರುತ್ತದೆ. ಕರುಳಿನ ಗಾಳಿ ಎಡಭಾಗವನ್ನು ಮುಚ್ಚಬಹುದು. ಈ ಅಡ್ಡಿಗಳಲ್ಲಿ ಹೆಚ್ಚಿನವು ಆರು ತಿಂಗಳಲ್ಲಿ ಮಾಯವಾಗುವುದಿಲ್ಲ. ಒಬ್ಬ ರೋಗಿಯಲ್ಲಿ ಈ ಬಾರಿ ಕಾಣದ ಮೂಲೆ ಮುಂದಿನ ಬಾರಿಯೂ ಕಾಣದಿರಬಹುದು. ಆದ್ದರಿಂದ ಅಲ್ಟ್ರಾಸೌಂಡಿನ ಸೋಲು ಎಲ್ಲ ರೋಗಿಗಳ ಮೇಲೆ ಸಮನಾಗಿ ಹಂಚಿಹೋಗದೆ ಕೆಲವರ ಮೇಲೆಯೇ ಮತ್ತೆ ಮತ್ತೆ ಬೀಳುತ್ತದೆ. ಅಮೆರಿಕದ ಒಂದು ಆಸ್ಪತ್ರೆ ವ್ಯವಸ್ಥೆಯಲ್ಲಿ ಸಿರೋಸಿಸ್ ರೋಗಿಗಳ ಸ್ಕ್ಯಾನುಗಳನ್ನು ಮರುಪರಿಶೀಲಿಸಿದಾಗ ಐದು ಸ್ಕ್ಯಾನುಗಳಲ್ಲಿ ಒಂದು, ಗಡ್ಡೆ ಇಲ್ಲವೆಂದು ನಂಬಲು ಸಾಲದ ಗುಣಮಟ್ಟದ್ದಾಗಿತ್ತು. ಎಂಆರ್‌ಐ ಕುರಿತ ಚರ್ಚೆಯಲ್ಲಿ ಬಹಳ ಮುಖ್ಯವಾದ ಸಂಗತಿ ಇದೇ, ಸುದ್ದಿಗಳಲ್ಲಿ ಅತಿ ಕಡಿಮೆ ಪ್ರಸ್ತಾಪವಾಗುವುದೂ ಇದೇ.

ಭಾರತದ ಮಟ್ಟಿಗೆ ಈ ಸಮಸ್ಯೆ ಬೆಳೆಯುತ್ತಿದೆ. ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ದೇಶದ ವಯಸ್ಕರಲ್ಲಿ ಶೇ 38ರಷ್ಟು ಮಂದಿಗೆ ಕೊಬ್ಬಿನ ಯಕೃತ್ತು ಇರುವ ಅಂದಾಜು ಸಿಕ್ಕಿತ್ತು. ಇವರಲ್ಲಿ ಸಿರೋಸಿಸ್‌ಗೆ ತಿರುಗುವವರು ಸಣ್ಣ ಪಾಲು. ಆದರೆ ತಿರುಗಿದವರು ಅಲ್ಟ್ರಾಸೌಂಡಿಗೆ ಸರಿಯಾಗಿ ಕಾಣದ ದೇಹದವರೇ ಆಗಿರುವ ಸಂಭವ ಹೆಚ್ಚು.

‘ಫಾಸ್ಟ್’ ಮಾಡಲು ಏನನ್ನು ಬಿಡುತ್ತಾರೆ

ಯಕೃತ್ತಿನ ಪೂರ್ಣ ಎಂಆರ್‌ಐಗೆ ಮೂವತ್ತರಿಂದ ನಲವತ್ತೈದು ನಿಮಿಷ ಹಿಡಿಯುತ್ತದೆ. ಯಂತ್ರ ಒಂದೇ ಬಗೆಯ ಚಿತ್ರ ತೆಗೆಯುವುದಿಲ್ಲ. ಅಂಗಾಂಶದ ನೀರು, ಕೊಬ್ಬು, ರಕ್ತಸಂಚಾರ ಮುಂತಾದ ಬೇರೆ ಬೇರೆ ಗುಣಗಳನ್ನು ಎತ್ತಿತೋರಿಸುವ ಹತ್ತಾರು ಸರಣಿಗಳನ್ನು ಒಂದಾದಮೇಲೊಂದು ತೆಗೆಯುತ್ತದೆ. ಅವುಗಳಲ್ಲಿ ಗಡ್ಡೆ ಇದೆಯೋ ಇಲ್ಲವೋ ಎಂದು ಹೇಳಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಕೆಲಸ ಹತ್ತರಿಂದ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಯಂತ್ರ ಅದೇ, ಚಿತ್ರಗಳ ಪಟ್ಟಿ ಮಾತ್ರ ಚಿಕ್ಕದು. ಹಾಗಾಗಿ ‘ಸಂಕ್ಷಿಪ್ತ ಎಂಆರ್‌ಐ’ ಎಂಬುದೇ ಹೆಚ್ಚು ಸರಿಯಾದ ಹೆಸರು.

ಏನನ್ನು ಉಳಿಸಿಕೊಳ್ಳಬೇಕು ಎಂಬಲ್ಲಿ ಮೂರು ಪಂಥಗಳಿವೆ. ಮೊದಲನೆಯದರಲ್ಲಿ ಚಿತ್ರದ ವ್ಯತ್ಯಾಸಗಳನ್ನು ಎತ್ತಿತೋರಿಸಲು ರಕ್ತಕ್ಕೆ ಕೊಡುವ ಡೈ ಇಂಜೆಕ್ಷನ್ನೇ ಇಲ್ಲ. ಕ್ಯಾನ್ಸರ್ ಗಡ್ಡೆಯಲ್ಲಿ ಕೋಶಗಳು ಒತ್ತೊತ್ತಾಗಿರುವುದರಿಂದ ನೀರಿನ ಅಣುಗಳಿಗೆ ಅಲ್ಲಿ ಸರಾಗವಾಗಿ ಓಡಾಡಲು ಜಾಗವಿರುವುದಿಲ್ಲ. ಈ ಅಡಚಣೆಯನ್ನು ಗುರುತಿಸುವ ಡಿಫ್ಯೂಶನ್ ಚಿತ್ರಗಳಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತದೆ. ಇದರೊಂದಿಗೆ ನೀರು ಮತ್ತು ಕೊಬ್ಬನ್ನು ತೋರಿಸುವ ಒಂದೆರಡು ಸರಣಿ ಸೇರಿಸಿದರೆ ಮುಗಿಯಿತು. ಇಂಜೆಕ್ಷನ್ ಇಲ್ಲದಿರುವುದರಿಂದ ಖರ್ಚೂ ಅಪಾಯವೂ ಕಡಿಮೆ.

ಎರಡನೆಯದು ಗ್ಯಾಡಾಕ್ಸೆಟೇಟ್ ಎಂಬ ವಿಶೇಷ ಡೈಯನ್ನು ಅವಲಂಬಿಸಿದೆ. ರಕ್ತಕ್ಕೆ ಸೇರಿದ ಈ ಔಷಧದ ಅರ್ಧದಷ್ಟನ್ನು ಆರೋಗ್ಯವಂತ ಯಕೃತ್ತಿನ ಕೋಶಗಳು ಹೀರಿಕೊಳ್ಳುತ್ತವೆ. ಇಪ್ಪತ್ತು ನಿಮಿಷದ ನಂತರ ಚಿತ್ರ ತೆಗೆದರೆ ಯಕೃತ್ತು ಬೆಳ್ಳಗಿರುತ್ತದೆ, ಹೀರುವ ಶಕ್ತಿ ಕಳೆದುಕೊಂಡ ಕ್ಯಾನ್ಸರ್ ಕೋಶಗಳ ಜಾಗ ಕಪ್ಪಗೆ ಉಳಿಯುತ್ತದೆ. ಇಂಜೆಕ್ಷನನ್ನು ಹೊರಗಿನ ಕೋಣೆಯಲ್ಲೇ ಕೊಟ್ಟು ಕಾಯಿಸಿ, ಕೊನೆಯ ಹಂತಕ್ಕಷ್ಟೇ ರೋಗಿಯನ್ನು ಯಂತ್ರದೊಳಗೆ ಕಳಿಸಬಹುದು. ತೊಡಕಿರುವುದು ಯಕೃತ್ತು ತೀರಾ ಹದಗೆಟ್ಟವರಲ್ಲಿ; ಕೋಶಗಳೇ ಡೈ ಹೀರದಿದ್ದರೆ ಬಿಳುಪು ಕಪ್ಪಿನ ವ್ಯತ್ಯಾಸ ಮಂಕಾಗುತ್ತದೆ.

ಮೂರನೆಯ ಪಂಥ ಗ್ಯಾಡೊಲಿನಿಯಂ ಎಂಬ ಲೋಹದ ಅಂಶವಿರುವ ಸಾಮಾನ್ಯ ಡೈ ಕೊಟ್ಟು ರಕ್ತಸಂಚಾರವನ್ನು ಹಂತಹಂತವಾಗಿ ಹಿಂಬಾಲಿಸುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ, ಕಾಲು ಪಾಲು ಅಪಧಮನಿಯಿಂದ. ಈ ಬಗೆಯ ಕ್ಯಾನ್ಸರಿನ ಗಡ್ಡೆಯೋ ಬಹುತೇಕ ಅಪಧಮನಿಯ ರಕ್ತವನ್ನೇ ನಂಬಿಕೊಂಡಿರುತ್ತದೆ. ಹೀಗಾಗಿ ಡೈ ಮೊದಲು ಅಪಧಮನಿಗೆ ಬಂದ ಕ್ಷಣದಲ್ಲಿ ಗಡ್ಡೆ ಸುತ್ತಲಿನ ಯಕೃತ್ತಿಗಿಂತ ಹೆಚ್ಚು ಬೆಳಗಿ, ಆಮೇಲೆ ಬೇಗನೆ ಮಂಕಾಗುತ್ತದೆ. ಸಿರೋಸಿಸ್ ರೋಗಿಯಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ ಹೀಗೆ ನಡೆದುಕೊಂಡರೆ ಚೂರು ತೆಗೆದು ಬಯಾಪ್ಸಿ ಮಾಡದೆಯೇ ಕ್ಯಾನ್ಸರ್ ಎಂದು ಖಚಿತಪಡಿಸಬಹುದು. ಘನ ಗಡ್ಡೆಗಳ ಕ್ಯಾನ್ಸರಿನಲ್ಲಿ ಇದೊಂದು ಅಪರೂಪದ ಅನುಕೂಲ. ಹಾಗಾಗಿ ಮೂರನೆಯ ವಿಧಾನದಲ್ಲಿ ಸಂಶಯ ಮತ್ತು ತೀರ್ಮಾನ ಒಂದೇ ಭೇಟಿಯಲ್ಲಿ ಮುಗಿಯಬಹುದು. ಮೊದಲೆರಡರಲ್ಲಿ ಏನಾದರೂ ಕಂಡರೆ ರೋಗಿಯನ್ನು ಪೂರ್ಣ ಸಿಟಿ ಅಥವಾ ಎಂಆರ್‌ಐಗೆ ಮತ್ತೆ ಕರೆಯಬೇಕು.

ಗ್ಯಾಡೊಲಿನಿಯಂ ಬಗ್ಗೆ ಒಂದು ಮಾತು. ಪದೇ ಪದೇ ಕೊಟ್ಟಾಗ ಅದರ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಎಂದು ಕಂಡುಬಂದಮೇಲೆ ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ಈ ವರ್ಗದ ಕೆಲವು ಔಷಧಗಳ ಬಳಕೆಯನ್ನು ತಡೆಹಿಡಿದರು. ಇದೇ ವರ್ಗದ, ಯಕೃತ್ತಿನ ಚಿತ್ರಣಕ್ಕೆ ಬೇಕಾದ ಗ್ಯಾಡಾಕ್ಸೆಟೇಟಿಗೆ ಅವಕಾಶ ಉಳಿಯಿತು. ಹಾಗೆ ಉಳಿದ ಅಂಶದಿಂದ ಮಿದುಳಿಗೆ ಹಾನಿಯಾಗಿದೆ ಎಂಬುದು ಸಾಬೀತಾಗಿಲ್ಲ. ಆದರೆ ವರ್ಷಕ್ಕೆ ಎರಡರಂತೆ ಹತ್ತು ವರ್ಷ ನಡೆಯುವ ನಿಗಾದಲ್ಲಿ ಇಪ್ಪತ್ತು ಇಂಜೆಕ್ಷನ್ನುಗಳಾಗುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲಾಗದು. ಮೊದಲ ಪಂಥದವರ ಬಲವಾದ ವಾದ ಇದು.

ಅಂಕಿಗಳನ್ನು ಓದುವ ಬಗೆ

ಎಂಆರ್‌ಐ ಪರವಾಗಿ ಅತಿ ಹೆಚ್ಚು ಉಲ್ಲೇಖವಾಗುವುದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ. ಕ್ಯಾನ್ಸರಿನ ಅಪಾಯ ಹೆಚ್ಚಿರುವ 407 ಸಿರೋಸಿಸ್ ರೋಗಿಗಳಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಎರಡನ್ನೂ ಮೂರು ಸುತ್ತು ಮಾಡಿದರು. ಕೊನೆಗೆ 43 ಮಂದಿಗೆ ಕ್ಯಾನ್ಸರ್ ಇದ್ದದ್ದು ಗೊತ್ತಾಯಿತು. ಎಂಆರ್‌ಐ ಹಿಡಿದದ್ದು 37, ಅಲ್ಟ್ರಾಸೌಂಡ್ ಹಿಡಿದದ್ದು 12. ಎಂಆರ್‌ಐಗೆ ಮಾತ್ರ ಕಂಡವು 26, ಅಲ್ಟ್ರಾಸೌಂಡಿಗೆ ಮಾತ್ರ ಕಂಡದ್ದು ಒಂದೇ ಒಂದು. ಐದು ಎರಡಕ್ಕೂ ಕಾಣಲಿಲ್ಲ. ಇಲ್ಲದ ಕ್ಯಾನ್ಸರನ್ನು ಇದೆಯೆಂದು ಹೇಳಿದ ಪ್ರಮಾಣವೂ ಎಂಆರ್‌ಐಯಲ್ಲೇ ಕಡಿಮೆ: ಶೇ 3, ಅಲ್ಟ್ರಾಸೌಂಡಿನಲ್ಲಿ ಶೇ 5.6.

ಆದರೆ ಅಲ್ಲಿ ಬಳಸಿದ್ದು ಡೈ ಸಹಿತವಾದ ಪೂರ್ಣ ಎಂಆರ್‌ಐ, ಹತ್ತು ನಿಮಿಷದ್ದಲ್ಲ. ಪೂರ್ಣ ಪರೀಕ್ಷೆಯ ಅಂಕಿಯನ್ನು ಸಂಕ್ಷಿಪ್ತ ಪರೀಕ್ಷೆಯ ಶೀರ್ಷಿಕೆಯಡಿ ಕೊಡುವುದು ಈ ವಿಷಯದ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು.

ಸಂಕ್ಷಿಪ್ತ ಪರೀಕ್ಷೆಯದ್ದೇ ಅಂಕಿ ಬೇಕಾದರೆ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಪಿಜಿಐನ ತಂಡ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ನೋಡಬೇಕು. ಹದಿನೈದು ಅಧ್ಯಯನಗಳ 2,807 ರೋಗಿಗಳನ್ನು ಒಟ್ಟುಗೂಡಿಸಿದಾಗ ಸಂಕ್ಷಿಪ್ತ ಎಂಆರ್‌ಐ ಕ್ಯಾನ್ಸರ್ ಇರುವವರಲ್ಲಿ ಶೇ 86ರಷ್ಟು ಮಂದಿಯನ್ನು ಗುರುತಿಸಿತು. ಇಲ್ಲದವರಲ್ಲಿ ಶೇ 94ರಷ್ಟು ಮಂದಿಗೆ ಇಲ್ಲವೆಂದೇ ಹೇಳಿತು. ಡೈ ಕೊಟ್ಟರೂ ಕೊಡದಿದ್ದರೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಗಡ್ಡೆ ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದಾಗ ಶೇ 86ರ ಅಂಕಿ ಶೇ 69ಕ್ಕೆ ಇಳಿಯಿತು. ಅತಿ ಸಣ್ಣ ಗಡ್ಡೆಗಳಲ್ಲಿ ಹತ್ತಕ್ಕೆ ಮೂರು ಇದಕ್ಕೂ ಕಾಣುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ಈ ಅಧ್ಯಯನಗಳಲ್ಲಿ ಬಹುಪಾಲಿನಲ್ಲಿ ಸಂಕ್ಷಿಪ್ತ ಪರೀಕ್ಷೆಯನ್ನು ನಿಜವಾಗಿ ಮಾಡಿರಲಿಲ್ಲ. ಮೊದಲೇ ಪೂರ್ಣ ಎಂಆರ್‌ಐ ಆಗಿದ್ದವರ ಚಿತ್ರಗಳಲ್ಲಿ ಕೆಲವನ್ನಷ್ಟೇ ಆರಿಸಿ, ಇಷ್ಟನ್ನೇ ನೋಡಿದ್ದರೆ ಗಡ್ಡೆ ಸಿಗುತ್ತಿತ್ತೇ ಎಂದು ಕೇಳಲಾಗಿತ್ತು. ಹೀಗೆ ನೋಡುವ ವೈದ್ಯರು ಅನುಭವಿಗಳು, ಚಿತ್ರಗಳು ಒಳ್ಳೆಯ ಕೇಂದ್ರಗಳವು, ರೋಗಿಗಳಲ್ಲಿ ಕ್ಯಾನ್ಸರ್ ಇರುವವರ ಪ್ರಮಾಣವೂ ಅಧಿಕ. ಉಸಿರು ಹಿಡಿಯಲಾಗದ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಯನ್ನು ಸಾಮಾನ್ಯ ಕೇಂದ್ರವೊಂದರಲ್ಲಿ ಮಲಗಿಸಿದಾಗ ಬರುವ ಚಿತ್ರ ಅಷ್ಟು ಸ್ಪಷ್ಟವಾಗಿರಲಾರದು.

ಬೇಗ ಕಂಡರೆ ಸಾಲದೇ?

ಎಂಆರ್‌ಐ ಪಕ್ಷದವರ ವಾದ ಸರಳ. ಸಣ್ಣದಿದ್ದಾಗ ಸಿಕ್ಕ ಗಡ್ಡೆಯನ್ನು ಗುಣಪಡಿಸಬಹುದು, ದೊಡ್ಡದಾದಮೇಲೆ ಆಗದು. ಆದ್ದರಿಂದ ಹೆಚ್ಚು ಸಣ್ಣ ಗಡ್ಡೆಗಳು ಸಿಗುವ ಪರೀಕ್ಷೆಯಿಂದ ಹೆಚ್ಚು ಜೀವ ಉಳಿಯುತ್ತದೆ, ಇದಕ್ಕಾಗಿ ಹತ್ತು ವರ್ಷ ಕಾಯುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಎದುರು ಪಕ್ಷದವರು ಎತ್ತುವ ಪ್ರಶ್ನೆಗಳು ತುಸು ಸೂಕ್ಷ್ಮವಾದವು. ಒಬ್ಬ ರೋಗಿ 2030ರಲ್ಲಿ ಸಾಯುವವನಿದ್ದು ಗಡ್ಡೆ 2028ರಲ್ಲಿ ಪತ್ತೆಯಾದರೆ ಅವನು ಎರಡು ವರ್ಷ ಬದುಕಿದ ಎನ್ನುತ್ತೇವೆ. ಅದೇ ಗಡ್ಡೆ 2026ರಲ್ಲೇ ಪತ್ತೆಯಾಗಿ, ಚಿಕಿತ್ಸೆ ಫಲಿಸದೆ ಅವನು 2030ರಲ್ಲೇ ಸತ್ತರೆ ನಾಲ್ಕು ವರ್ಷ ಬದುಕಿದ ಎನ್ನುತ್ತೇವೆ. ಲೆಕ್ಕದಲ್ಲಿ ಆಯುಷ್ಯ ಇಮ್ಮಡಿಯಾಯಿತು, ವಾಸ್ತವದಲ್ಲಿ ಒಂದು ದಿನವೂ ಹೆಚ್ಚಲಿಲ್ಲ. ಎರಡನೆಯದಾಗಿ, ನಿಧಾನವಾಗಿ ಬೆಳೆಯುವ ಗಡ್ಡೆಗಳು ಸಣ್ಣ ಗಾತ್ರದಲ್ಲಿ ಹೆಚ್ಚು ಕಾಲ ಇರುವುದರಿಂದ ಸೂಕ್ಷ್ಮವಾದ ಪರೀಕ್ಷೆಗೆ ಅವೇ ಹೆಚ್ಚಾಗಿ ಸಿಗುತ್ತವೆ. ವೇಗವಾಗಿ ಬೆಳೆಯುವಂಥವು ಎರಡು ಭೇಟಿಗಳ ನಡುವೆ ನುಸುಳಿಬಿಡುತ್ತವೆ. ಮೂರನೆಯದಾಗಿ, ಸಿರೋಸಿಸ್ ರೋಗಿಯನ್ನು ಕೊಲ್ಲಲು ಕ್ಯಾನ್ಸರೇ ಬೇಕಾಗಿಲ್ಲ. ರಕ್ತವಾಂತಿ, ಸೋಂಕು, ಯಕೃತ್ತಿನ ವೈಫಲ್ಯ ಅದಕ್ಕೆ ಮೊದಲೇ ಬರಬಹುದು. ಅಂಥವರಲ್ಲಿ ಒಂದು ಸೆಂಟಿಮೀಟರಿನ ಗಡ್ಡೆ ಕಂಡುಹಿಡಿದು ಮಾಡುವ ಚಿಕಿತ್ಸೆ ಆಯುಷ್ಯಕ್ಕೆ ಏನನ್ನೂ ಸೇರಿಸದೆ ತೊಂದರೆಯನ್ನಷ್ಟೇ ಸೇರಿಸಬಹುದು. ಯಕೃತ್ತು ತೀರಾ ಕೆಟ್ಟು, ಕಸಿಗೂ ಅರ್ಹರಲ್ಲದವರಿಗೆ ನಿಗಾ ಬೇಡವೆಂದು ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ.

ಇನ್ನು ಸಿರೋಸಿಸ್ ಇರುವ ಯಕೃತ್ತು ತನ್ನಷ್ಟಕ್ಕೇ ಗಂಟುಗಳ ರಾಶಿ. ಹೆಚ್ಚು ಸ್ಪಷ್ಟವಾಗಿ ನೋಡಿದಷ್ಟೂ ಕ್ಯಾನ್ಸರ್ ಅಲ್ಲದ, ಆದರೆ ಅಲ್ಲವೆಂದು ಖಚಿತವಾಗಿ ಹೇಳಲಾಗದ ಗಂಟುಗಳೂ ಹೆಚ್ಚು ಕಾಣುತ್ತವೆ. ಒಂದೊಂದಕ್ಕೂ ಮರುಪರೀಕ್ಷೆ, ಕೆಲವೊಮ್ಮೆ ಬಯಾಪ್ಸಿ, ಆ ನಡುವೆ ಮನೆಯವರಿಗೆಲ್ಲ ಆತಂಕ. ನೂರಕ್ಕೆ 94 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುವ ಪರೀಕ್ಷೆ ಉಳಿದ ಆರು ಮಂದಿಗೆ ತಪ್ಪಾಗಿ ‘ಇರಬಹುದು’ ಎನ್ನುತ್ತದೆ. ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಮಾತ್ರ ಕ್ಯಾನ್ಸರ್ ಬರುವ ಗುಂಪಿನಲ್ಲಿ ಇದರ ಅರ್ಥ, ಸಂಶಯದ ಮೇಲೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ.

ಎರಡೂ ಪಕ್ಷಗಳನ್ನು ತೂಗಿದರೆ ಎಂಆರ್‌ಐ ಉಪಯೋಗಕ್ಕೆ ಬಾರದು ಎಂಬ ತೀರ್ಮಾನಕ್ಕೆ ಬರಲಾಗದು. ಕೊರಿಯಾದ 12 ಮತ್ತು 37ರ ಅಂತರವನ್ನು ಈ ಲೆಕ್ಕದ ಮೋಸಗಳು ಪೂರ್ತಿ ಅಳಿಸಿಹಾಕುತ್ತವೆ ಎಂಬುದು ನಂಬಲು ಕಷ್ಟ. ಆದರೆ ಲಾಭ ಇದೆಯೆಂಬುದಕ್ಕಿಂತ ಎಷ್ಟಿದೆ, ಯಾರಿಗಿದೆ ಎಂಬುದು ಮುಖ್ಯ. ಅದು ಗೊತ್ತಾಗುವುದು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿ, ಕೊನೆಯವರೆಗೂ ಹಿಂಬಾಲಿಸಿದಾಗ ಮಾತ್ರ.

ಅಂಥ ಪ್ರಯೋಗಗಳು ಶುರುವಾಗಿವೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಜಾಲ ‘ಪ್ರೀಮಿಯಂ’ ಎಂಬ ಹೆಸರಿನಲ್ಲಿ ಸುಮಾರು 4,700 ಸಿರೋಸಿಸ್ ರೋಗಿಗಳನ್ನು ಸೇರಿಸಿಕೊಳ್ಳಲು ಹೊರಟಿದೆ. ಒಂದು ಗುಂಪಿಗೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ, ಇನ್ನೊಂದಕ್ಕೆ ಸಂಕ್ಷಿಪ್ತ ಎಂಆರ್‌ಐ ಮತ್ತು ಎಎಫ್‌ಪಿ. ಅಳೆಯುವುದು ಗಡ್ಡೆಗಳ ಸಂಖ್ಯೆಯನ್ನಲ್ಲ, ಯಕೃತ್ತಿನ ಕ್ಯಾನ್ಸರಿನಿಂದಾದ ಸಾವುಗಳನ್ನು. ಫ್ರಾನ್ಸಿನ ‘ಫಾಸ್ಟ್ರಾಕ್’ ಪ್ರಯೋಗ ಅಪಾಯ ಹೆಚ್ಚಿರುವವರನ್ನಷ್ಟೇ ಆರಿಸಿಕೊಂಡು, ಅಲ್ಟ್ರಾಸೌಂಡಿನ ಜೊತೆ ಫಾಸ್ಟ್ ಎಂಆರ್‌ಐ ಸೇರಿಸಿದರೆ ಅತಿ ಆರಂಭದ ಹಂತದಲ್ಲೇ ಪತ್ತೆಯಾಗುವವರು ಹೆಚ್ಚುತ್ತಾರೆಯೇ ಎಂದು ಕೇಳುತ್ತಿದೆ. ಇವೆರಡೂ ಕೇಳುತ್ತಿರುವ ಪ್ರಶ್ನೆಗಳು ಬೇರೆ ಬೇರೆ ಎಂಬುದನ್ನು, ಮುಂದೆ ಅವುಗಳ ಫಲಿತಾಂಶ ಸುದ್ದಿಯಾದಾಗ ನೆನಪಿಟ್ಟುಕೊಳ್ಳಬೇಕು.

ಹತ್ತು ನಿಮಿಷ ಯಾರ ಗಡಿಯಾರದಲ್ಲಿ?

ಹತ್ತು ನಿಮಿಷ ಎಂಬುದು ಚಿತ್ರ ತೆಗೆಯುವ ಸಮಯ. ರೋಗಿ ಬಟ್ಟೆ ಬದಲಿಸಬೇಕು, ಒಡವೆ ಬಿಚ್ಚಬೇಕು, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಚೂರು ಇಲ್ಲವೆಂದು ಸಿಬ್ಬಂದಿ ಖಚಿತಪಡಿಸಿಕೊಳ್ಳಬೇಕು, ಡೈ ಕೊಡುವುದಾದರೆ ಮೂತ್ರಪಿಂಡದ ಸ್ಥಿತಿ ಗೊತ್ತಿರಬೇಕು, ಸೂಜಿ ಚುಚ್ಚಬೇಕು. ಇವೆಲ್ಲ ಸೇರಿದರೆ ಒಬ್ಬರಿಗೆ ಹಿಡಿಯುವ ಸಮಯ ಅದರ ಎರಡು ಮೂರು ಪಟ್ಟಾಗುತ್ತದೆ. ಕಿರಿದಾದ ಕೊಳವೆಯೊಳಗೆ ಮಲಗಲು ಹೆದರುವವರೂ ಇದ್ದಾರೆ. ಹೀಗಾಗಿ ಚಿತ್ರಗಳು ಮೂರನೇ ಒಂದಕ್ಕೆ ಇಳಿದರೂ ಬೆಲೆ ಮೂರನೇ ಒಂದಕ್ಕೆ ಇಳಿಯುತ್ತದೆಂದು ನಿರೀಕ್ಷಿಸುವಂತಿಲ್ಲ. ಎಂಆರ್‌ಐ ಅಲ್ಟ್ರಾಸೌಂಡಿನ ಹಲವು ಪಟ್ಟು ದುಬಾರಿಯಾಗಿಯೇ ಉಳಿಯುತ್ತದೆ. ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾದವರು, ಪಾರ್ಶ್ವವಾಯುವಿನ ರೋಗಿಗಳು ಕಾಯುತ್ತಿರುವ ಯಂತ್ರದಲ್ಲಿ ಯಾವ ಲಕ್ಷಣವೂ ಇಲ್ಲದವರನ್ನು ಆರು ತಿಂಗಳಿಗೊಮ್ಮೆ ಮಲಗಿಸುವುದಾದರೆ ಸರದಿ ಇನ್ನಷ್ಟು ಉದ್ದವಾಗುತ್ತದೆ ಎಂಬ ಅಂಶವೂ ಇದೆ.

ಅಲ್ಟ್ರಾಸೌಂಡಿಗೂ ನಮ್ಮಲ್ಲಿ ಅದರದ್ದೇ ತೊಡಕಿದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅದನ್ನು ಮನಸ್ಸಿಗೆ ಬಂದಂತೆ ಊರೂರಿಗೆ ಹೊತ್ತೊಯ್ಯುವಂತಿಲ್ಲ. ಕಾಯ್ದೆಯ ಅಗತ್ಯವನ್ನು ಪ್ರಶ್ನಿಸಲಾಗದು. ಆದರೆ ಹಳ್ಳಿಗಳಲ್ಲಿ ಶಿಬಿರ ನಡೆಸಿ ಸಿರೋಸಿಸ್ ರೋಗಿಗಳ ಮೇಲೆ ನಿಗಾ ಇಡುವುದು ಇದರಿಂದ ಕಷ್ಟವಾಗಿದೆ.

ಯಂತ್ರಗಳ ಪೈಪೋಟಿಯ ನಡುವೆ ಮರೆಯಾಗುವ ಅಂಕಿಯೊಂದಿದೆ. ಜಗತ್ತಿನ ಹಲವು ಅಧ್ಯಯನಗಳನ್ನು ಸೇರಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಿರೋಸಿಸ್ ಇದ್ದು ನಿಗಾ ಬೇಕಾದವರಲ್ಲಿ ಅದು ನಿಜಕ್ಕೂ ಸಿಗುತ್ತಿದ್ದದ್ದು ಶೇ 24 ಮಂದಿಗೆ ಮಾತ್ರ ಎಂದು ಕಂಡುಬಂತು. ಈಗ ಒಂದು ಸರಳ ಗುಣಾಕಾರ ಮಾಡಬಹುದು. ನೂರು ಆರಂಭದ ಗಡ್ಡೆಗಳಿದ್ದು, 24 ಮಂದಿ ಮಾತ್ರ ಪರೀಕ್ಷೆಗೆ ಬಂದರೆ, ಶೇ 63 ಹಿಡಿಯುವ ಈಗಿನ ವಿಧಾನದಿಂದ ಸಿಗುವುದು ಸುಮಾರು 15. ಎಲ್ಲ ಗಾತ್ರದ ಗಡ್ಡೆಗಳಲ್ಲಿ ಶೇ 86 ಹಿಡಿಯುವ ಎಂಆರ್‌ಐಗೆ ಇಲ್ಲೂ ಅದೇ ಅಂಕಿ ಕೊಟ್ಟರೆ ಸುಮಾರು 21. ಯಂತ್ರವನ್ನು ಬದಲಿಸದೆ ಬರುವವರನ್ನು 48ಕ್ಕೆ ಏರಿಸಿದರೆ ಸಿಗುವುದು 30. ಇದು ಸ್ಥೂಲ ಲೆಕ್ಕ, ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟದ್ದು. ಆದರೂ ಹಣ ಮೊದಲು ಎಲ್ಲಿ ಹೋಗಬೇಕೆಂಬ ಪ್ರಶ್ನೆಗೆ ಅದು ತಕ್ಕಮಟ್ಟಿಗೆ ಉತ್ತರಿಸುತ್ತದೆ. ಭಾರತದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತವಾಗಿವೆ. ಅಲ್ಲಿ ನೋಂದಣಿಯಾಗುವ ಸಿರೋಸಿಸ್ ರೋಗಿಯನ್ನು ಆರು ತಿಂಗಳ ನಂತರ ಫೋನ್ ಮಾಡಿ ಸ್ಕ್ಯಾನಿಂಗಿಗೆ ಕರೆಯುವ ವ್ಯವಸ್ಥೆಗೆ ಯಾವ ಹೊಸ ಯಂತ್ರವೂ ಬೇಕಿಲ್ಲ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ಅದಕ್ಕಿಂತ ಮೊದಲು ಹುಟ್ಟಿದವರಲ್ಲಿ ಸೋಂಕು ಹೊತ್ತವರು ಇನ್ನೂ ಹಲವು ದಶಕ ಈ ಅಪಾಯದಲ್ಲಿರುತ್ತಾರೆ.

ಸದ್ಯಕ್ಕೆ ಯಾರಿಗೆ

ಅಮೆರಿಕದ ಯಕೃತ್ತಿನ ತಜ್ಞರ ಸಂಘ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಎಲ್ಲರಿಗೂ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿಯನ್ನೇ ಉಳಿಸಿಕೊಂಡು, ಅಲ್ಟ್ರಾಸೌಂಡಿನಲ್ಲಿ ಯಕೃತ್ತು ಸರಿಯಾಗಿ ಕಾಣದವರಿಗೆ ಸಿಟಿ ಅಥವಾ ಎಂಆರ್‌ಐ ಬಳಸಬಹುದು ಎಂದಿದೆ. ಜಪಾನ್ ಮೊದಲಿನಿಂದಲೂ ಇನ್ನೂ ಧಾರಾಳ. ಅತಿ ಹೆಚ್ಚು ಅಪಾಯದವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿ, ನಡುವೆ ಸಿಟಿ ಅಥವಾ ಎಂಆರ್‌ಐ ಸೇರಿಸುವ ಪದ್ಧತಿ ಅಲ್ಲಿದೆ. ಅಲ್ಟ್ರಾಸೌಂಡಿನ ಸೋಲು ಕೆಲವೇ ರೋಗಿಗಳ ಮೇಲೆ ಮರುಕಳಿಸುತ್ತದೆ ಎಂಬ ಹಿಂದಿನ ಮಾತನ್ನು ಇಲ್ಲಿಗೆ ತಂದರೆ ಅಮೆರಿಕದ ಸಲಹೆಯ ತರ್ಕ ಸ್ಪಷ್ಟವಾಗುತ್ತದೆ: ನೂರಕ್ಕೆ ನೂರು ಜನಕ್ಕೆ ಎಂಆರ್‌ಐ ಕೊಡಲಾಗದು, ಕೊಡಬೇಕಾಗಿಯೂ ಇಲ್ಲ, ಆದರೆ ಐದರಲ್ಲೊಬ್ಬರಂತೆ ಸ್ಕ್ಯಾನಿಗೆ ಸರಿಯಾಗಿ ಕಾಣದೆ ಮತ್ತೆ ಮತ್ತೆ ತಪ್ಪಿಹೋಗುವ ಆ ಇಪ್ಪತ್ತು ಜನಕ್ಕೆ ಕೊಡಬಹುದು.

ಆ ಇಪ್ಪತ್ತು ಜನ ಯಾರೆಂದು ತಿಳಿಯಲು ಸ್ಕ್ಯಾನ್ ವರದಿಯಲ್ಲಿ ಒಂದು ಸಾಲು ಸಾಕು. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2017ರಲ್ಲಿ ತಂದ ಪದ್ಧತಿಯಂತೆ, ಯಕೃತ್ತು ಎಷ್ಟು ಚೆನ್ನಾಗಿ ಕಂಡಿತು ಎಂಬುದಕ್ಕೆ ಪರೀಕ್ಷೆ ಮಾಡಿದವರು ಎ, ಬಿ, ಸಿ ಎಂಬ ಅಂಕ ಕೊಡಬೇಕು. ಎ ಎಂದರೆ ಅಡ್ಡಿಯಿಲ್ಲ, ಬಿ ಎಂದರೆ ಸ್ವಲ್ಪ ಮರೆ, ಸಿ ಎಂದರೆ ಬಹುಭಾಗ ಕಂಡಿಲ್ಲ. ‘ಗಡ್ಡೆ ಕಂಡುಬಂದಿಲ್ಲ’ ಎಂಬ ಒಂದೇ ವಾಕ್ಯ ಎ ಅಂಕದ ಪಕ್ಕದಲ್ಲಿದ್ದಾಗ ಒಂದು ಅರ್ಥ, ಸಿ ಅಂಕದ ಪಕ್ಕದಲ್ಲಿದ್ದಾಗ ಇನ್ನೊಂದು ಅರ್ಥ. ಅಂಕವೇ ಇಲ್ಲದ ವರದಿಯನ್ನು ಹಿಡಿದುಕೊಂಡು ಬಂದ ಸಿರೋಸಿಸ್ ರೋಗಿ ಎಂಆರ್‌ಐ ಬೇಕೇ ಎಂದು ಕೇಳುವುದಕ್ಕೆ ಮೊದಲು ಕೇಳಬಹುದಾದ ಪ್ರಶ್ನೆ, ಈ ಸ್ಕ್ಯಾನಿನಲ್ಲಿ ನನ್ನ ಲಿವರ್ ಪೂರ್ತಿ ಕಂಡಿತೇ ಎಂಬುದು.